ಆನೆ ಸುದ್ದಿ ಇನ್ಮೇಲೆ ಯಾರು ಹೇಳೋದು?

ಸಿದ್ದಾಪುರ ಬಸ್‌ಸ್ಟ್ಯಾಂಡಿನಲ್ಲಿ ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಎಸ್ಟೇಟ್ ಕೆಲಸದ ತಾಯಿ, ಡಿಗ್ರಿ ಮುಗಿಸಿದ ಮಗಳು.

“ಬೆಂಗಳೂರು ಕಾಲೇಜಿಗೇ ಸೇರು ಮಗಾ. ಫೋಟೋದಲ್ಲಿ ಟಿವಿ ಸ್ಟುಡಿಯೋ ಎಷ್ಟು ಚೆನ್ನಾಗಿತ್ತು! ನನ್ನ ಓಲೆ ಮಾರಿದ್ರಾಯ್ತು.”

“ಬೇಡವ್ವ. ಮೈಸೂರಿನ ಸರ್ಕಾರಿ ಜರ್ನಲಿಸಂ ಎಂ.ಎ.ಗೆ ಫೀಸು ಕಮ್ಮಿ, ಹಾಸ್ಟೆಲ್ಲೂ ಸಿಗುತ್ತೆ. ಅಲ್ಲಿನ ರೇಡಿಯೋ ಸ್ಟೇಷನ್ ಚಿಕ್ಕದು, ಆದ್ರೆ ಅದನ್ನ ದಿನಾ ನಡೆಸೋದು ಅಲ್ಲಿ ಓದೋ ಮಕ್ಕಳೇ.”

“ನಿನ್ನ ತಗೊಳ್ತಾರಾ?”

“ತಗೊಂಡ್ರು! ನಮ್ಮ ಲೈನ್‌ಮನೆಗಳ ವಾಟ್ಸಾಪ್ ಗ್ರೂಪಿಗೆ ನಾನು ಮಾತಾಡಿ ಹಾಕೋ ಆನೆ ಸುದ್ದೀನ ಇಂಟರ್‌ವ್ಯೂನಲ್ಲಿ ಕೇಳಿಸ್ದೆ. ಇನ್ನೊಂದ್ಸಲ ಹಾಕು ಅಂದ್ರು.”

“ಅಯ್ಯೋ, ನೀ ಹೋದ್ರೆ ಬೆಳಗ್ಗೆ ಆನೆ ಎಲ್ಲಿದೆ ಅಂತ ಹೇಳೋರ್ಯಾರು? ಅದು ಕೇಳದೆ ಯಾರೂ ತೋಟಕ್ಕೆ ಹೊರಡಲ್ಲ.”

“ನೀನೇ ಹೇಳು. ಈಗ್ಲೇ ಹೇಳು, ನೋಡೋಣ.”

ತಾಯಿ ನಾಚಿ ನಕ್ಕರು. ಆಮೇಲೆ ಸೆರಗು ಸರಿಮಾಡಿಕೊಂಡು ಕೂಗಿದರು: “ಎಲ್ರೂ ಕೇಳಿ! ಮರಿ ಕಟ್ಕೊಂಡು ಆನೆ ರೋಡಿಗೇ ಬಂದವೆ! ಯಾರೂ ಹೊರಗೆ ಬರ್ಬೇಡಿ!”

ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ದಡಕ್ಕನೆ ಎದ್ದು ನಿಂತರು.

“ಅವ್ವ, ನನ್ನ ಜೊತೆ ನೀನೂ ಅರ್ಜಿ ಹಾಕ್ಬೇಕಿತ್ತು!”

ವಿರಾಜಪೇಟೆ ಬಸ್ಸು ಬಂತು. ಇಬ್ಬರೂ ಬಿದ್ದು ಬಿದ್ದು ನಗುತ್ತಲೇ ಹತ್ತಿದರು. ಬಸ್ಸು ಹೋದ ಮೇಲೂ ಬಾಳೆಹಣ್ಣಿನ ಅಂಗಡಿಯವನು, ಒಳಗೆಳೆದುಕೊಂಡಿದ್ದ ಗೊನೆಯನ್ನು ಹೊರಗೆ ತಂದಿರಲಿಲ್ಲ.