ಕಲ್ಲವ್ವನನ್ನು ಬಿಟ್ಟು ಮಾಡಿದ ಲೆಕ್ಕ

ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ರಾಮಲಿಂಗಪ್ಪನವರೇ, ನಮ್ಮ ಹೆಣ್ಣುಮಕ್ಕಳ ಸಲುವಾಗಿ ಬಂದಿರುವ ಡಾಕ್ಟರ್ ಶ್ರದ್ಧಾ ಅವರೇ, ಪುಣೆಯ ಕನ್ನಡಿಗರಾದ ಸಭಿಕರೇ,

ಈಗ ಸಂಜೆ ಆರೂವರೆ. ಬೆಳಗ್ಗೆ ರಂಗೋಲಿ ಸ್ಪರ್ಧೆ ಆಯಿತು, ಮಧ್ಯಾಹ್ನ ಹೋಳಿಗೆ ಊಟ ಆಯಿತು. ಆಮೇಲೆ ಡಾಕ್ಟರರು ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಹೊಸ ಲಸಿಕೆಯ ಬಗ್ಗೆ ಹೇಳಿದರು. ಕ್ಯಾನ್ಸರ್ ಎಂದಾಗ ಸುಮ್ಮನಿದ್ದ ಗಂಡಸರು ಗರ್ಭಕೋಶ ಎಂದಾಗ ಚಹಾಕ್ಕೆ ಎದ್ದರು. ಈಗ ಚಹಾ ಮುಗಿದಿದೆ, ಇನ್ನು ಏಳುವ ಹಾಗಿಲ್ಲ.

ಇಂದು ಮಹಿಳಾ ಮಂಡಳಿಗೆ ಸನ್ಮಾನ. ಐದು ವರ್ಷದ ಹಿಂದೆ ಅವರು ನಡೆಸಿದ ತಪಾಸಣೆಯಲ್ಲಿ ಸಂಘದ ಒಬ್ಬ ಹೆಂಗಸಿನಲ್ಲೂ ಈ ರೋಗ ಕಾಣಲಿಲ್ಲವಂತೆ. ಈಗಷ್ಟೇ ವರದಿಯಲ್ಲಿ ಓದಿದರು, ನೀವು ಚಪ್ಪಾಳೆ ತಟ್ಟಿದಿರಿ. ಸಂಘದ ಹೆಂಗಸರು ಎಂದರೆ ಯಾರು?

ಆ ತಪಾಸಣೆ ಇಟ್ಟದ್ದು ಸಂಕ್ರಾಂತಿಯ ಅರಿಷಿಣ-ಕುಂಕುಮದ ದಿನ. ಹೇಗೂ ಹೆಂಗಸರು ಸೇರುತ್ತಾರೆ, ಬೇರೆ ದಿನ ಯಾಕೆ ಎಂದುಕೊಂಡರು. ಕರೆ ಹೋದದ್ದು ಮುತ್ತೈದೆಯರಿಗೆ. ಹಡಪಸರದ ನಮ್ಮ ಮನೆಗೆ ಬಂದು ಶಿವಬಸವ್ವ ಎಂಬ ನನ್ನನ್ನು ಕರೆದರು, ನನ್ನ ಜೊತೆಗೇ ಇದ್ದ ಅಕ್ಕ ಕಲ್ಲವ್ವನನ್ನು ಬಿಟ್ಟರು. ಅಕ್ಕನ ಗಂಡ ತೀರಿ ಬಹಳ ವರ್ಷವಾಗಿತ್ತು. ಮುಟ್ಟು ನಿಂತ ಮೇಲೂ ಅವಳಿಗೆ ರಕ್ತ ಹೋಗುತ್ತಿತ್ತು. ದವಾಖಾನೆಗೆ ನಡಿ ಎಂದರೆ ನಾಚಿಕೆ. ನಮ್ಮ ಹೆಂಗಸರೇ ಇರುವ ಕಡೆಯಾದರೆ ಬರುತ್ತೇನೆ ಎಂದಿದ್ದಳು. ಹಾಗಾಗಿ ಅವಳನ್ನೂ ಕರೆತರಲೇ ಎಂದು ಮಂಡಳಿಯ ಕಾರ್ಯದರ್ಶಿ ಸುಲಭಾಬಾಯಿಯವರನ್ನು ಕೇಳಿದೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಮುತ್ತೈದೇರ ಕಾರ್ಯಕ್ರಮ ಅದ. ಅವ್ರಿಗೇ ಮುಜುಗರ ಆಗ್ತದ" ಎಂದರು.

ಮನೆಗೆ ಬಂದು ಹೇಳಿದರೆ ಅಕ್ಕ ನಕ್ಕಳು. "ಗಂಡನ ಜೋಡಿ ಗರ್ಭಚೀಲಾನೂ ಮಣ್ಣ ಮಾಡಿ ಬಂದಾಳ ಅಂತ ತಿಳ್ಕೊಂಡಾರೇನ ಇವ್ರು?"

ಆಮೇಲೆ ಎಷ್ಟು ಕರೆದರೂ ಅವಳು ಎಲ್ಲಿಗೂ ಬರಲಿಲ್ಲ. ಕೊನೆಗೆ ದವಾಖಾನೆಗೆ ಎತ್ತಿಕೊಂಡೇ ಹೋದೆವು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮಾಡುವಂಥದ್ದು ಏನೂ ಉಳಿದಿಲ್ಲ ಎಂದರು. ಅವಳು ಸತ್ತ ವರ್ಷದ ವರದಿಯಲ್ಲೂ ಸಂಘದವರಲ್ಲಿ ಈ ರೋಗವಿಲ್ಲ ಎಂದೇ ಅಚ್ಚಾಯಿತು. ಮಣ್ಣಿಗೆ ನೀವೇ ಬಂದಿದ್ದಿರಿ. ಹೆಗಲೂ ಕೊಟ್ಟಿದ್ದಿರಿ. ಯಾರನ್ನು ಹೊತ್ತಿರಿ ಹಾಗಾದರೆ?

ಡಾಕ್ಟರೇ, ಹುಡುಗಿಯರಿಗೆ ಲಸಿಕೆ ಹಾಕಿದ ಮೇಲೆ ರೋಗ ಎಷ್ಟು ಇಳಿಯಿತೆಂದು ವರ್ಷಗಟ್ಟಲೆ ನೋಡಬೇಕು ಎಂದಿರಿ. ಅದಕ್ಕೆ ಈಗ ಎಷ್ಟಿದೆ ಎಂದು ತಿಳಿಯಬೇಕಲ್ಲ? ನಮ್ಮವರು ಸೊನ್ನೆ ಎನ್ನುತ್ತಾರೆ. ಸೊನ್ನೆಯಿಂದ ಏನು ಇಳಿಯುತ್ತದೆ?

ನಾಳೆಯ ತಪಾಸಣೆಯನ್ನೂ ಅರಿಷಿಣ-ಕುಂಕುಮದ ಜೊತೆಗೇ ಇಟ್ಟಿದ್ದಾರೆ. ಈ ಸಲ ನಮ್ಮ ಮನೆಗೆ ಯಾರೂ ಬರಲಿಲ್ಲ. ಕಳೆದ ಶ್ರಾವಣದಲ್ಲಿ ನಮ್ಮ ಯಜಮಾನರು ತೀರಿದರು, ಆಗಿನಿಂದ ನನಗೂ ಆ ಕರೆ ಇಲ್ಲ. ಭಾಷಣಕ್ಕೆ ಕರೆಯಬಹುದು, ತಪಾಸಣೆಗೆ ಕರೆಯಬಾರದು. ಕುಂಕುಮ ಯಾರಿಗೆ ಬೇಕಾದರೂ ಕೊಡಿ ಸುಲಭಾಬಾಯಿ, ನಾವು ಕೇಳುವುದಿಲ್ಲ. ಡಾಕ್ಟರರ ಬಾಗಿಲನ್ನು ಮಾತ್ರ ನೀವು ಕಾಯಬೇಡಿ. ಕೋಥರೂಡಿನಿಂದ ಸಾಸವಡದವರೆಗೆ ಗಂಡನಿಲ್ಲದ ನಮ್ಮ ಹೆಂಗಸರಿಗೆಲ್ಲ ನಾನೇ ಹೋಗಿ ಬರಹೇಳಿದ್ದೇನೆ.

ಮುಖ ತಿರುಗಿಸದೆ ಕೇಳಿದವರಿಗೆ ಧನ್ಯವಾದ, ತಿರುಗಿಸಿದವರಿಗೂ ಸೇರಿಸಿ ನಮಸ್ಕಾರ. ನಾಳೆ ಹತ್ತು ಗಂಟೆಗೆ ತಪಾಸಣೆ ಶುರುವಾಗುತ್ತದೆ. ಮೊದಲು ಒಳಗೆ ಹೋಗುವವಳು ನಾನು.