ಚಿತ್ರದ ಬೆನ್ನು

...ಇಲ್ಲ, ಇಲ್ಲ, ಇಲ್ಲ! ಹೊಡೆದುಹಾಕಿ ಅದನ್ನ. ಪೂರ್ತಿ ಪುಟ ಹೊಡೆದುಹಾಕಿ, ಫ್ರಾಯ್ಲೈನ್ ಹಾರ್ಮ್ಸ್! 'ಯುದ್ಧದಲ್ಲಿ ಸುಟ್ಟುಹೋದ ಹ್ಯಾಂಬರ್ಗಿನ ಚೀರಾಟ'... ಥೂ! ಯಾರ್ರೀ ಚೀರಿದ್ದು? ನಾನು ಡ್ರೆವೆಸ್, ಬಣ್ಣ ಬಳಿಯೋನು. ಕಪ್ಪು ಅಂದ್ರೆ ಕಪ್ಪು, ಕೆಂಪು ಅಂದ್ರೆ ಕೆಂಪು. ಅದರೊಳಗೆ ದೇಶ ಎಲ್ಲಿಂದ ಬಂತು, ರಾಜಕೀಯ ಎಲ್ಲಿಂದ ಬಂತು?

ಯಾಕೆ ನಗ್ತೀರಿ? ಮ್ಯೂಸಿಯಮ್ಮಿನೋರು ನಿಮ್ಮನ್ನ ಕಳಿಸಿದ್ದು ನನ್ನ ಚಿತ್ರಗಳ ಬಗ್ಗೆ ಬರೆಯೋಕಾ, ನಗೋದಕ್ಕಾ? ಶುಕ್ರವಾರ ಪ್ರದರ್ಶನ. ಈ ವಯಸ್ಸಿಗೆ, ಮೊದಲನೇ ಸಲ, ನನ್ನೂರು ನನಗೊಂದು ಇಡೀ ಕೋಣೆ ಕೊಟ್ಟಿದೆ. ನೀವು ಬಂದು ಮೊಸರಲ್ಲಿ ಕಲ್ಲು ಹುಡುಕ್ತಾ ಇದೀರಿ!

ಬರ್ಕೊಳ್ಳಿ: ಆಕಾರ, ಲಯ, ತೂಕ. ಅಷ್ಟೇ. ಆ ಮೀಸೆಯ ಸರ್ವಾಧಿಕಾರಿ ಹನ್ನೆರಡು ವರ್ಷ ಸಿಪಾಯಿ ಬರೀರಿ, ಕುದುರೆ ಬರೀರಿ ಅಂದ. ಅವನು ಹೋದ, ಈಗ ಗಡಿಯಾಚೆ ಪೂರ್ವದ ಕಮ್ಯುನಿಸ್ಟರು ಟ್ರ್ಯಾಕ್ಟರ್ ಬರೀರಿ ಅಂತಿದಾರೆ. ಎಲ್ಲದಕ್ಕೂ ಅರ್ಥ ಬೇಕು ಇವರಿಗೆ! ಅರ್ಥ ಇಲ್ಲದ್ದನ್ನ ಬರೆಯೋದೇ ನಮ್ಮ ಸ್ವಾತಂತ್ರ್ಯ... ಏನಂದ್ರಿ? ಅದೂ ರಾಜಕೀಯವೇ? ನಾಲಿಗೆ ಉದ್ದ ನಿಮ್ಮದು.

ಏಯ್! ಏನ್ಮಾಡ್ತಿದೀರಿ? ಆ ಚಿತ್ರ ತಿರುಗಿಸಬೇಡಿ! ಇಡ್ರೀ ಕೆಳಗೆ!

...ಅದಾ? ಕಸೂತಿ. ಆರ್, ಎಲ್. ಎರಡಕ್ಷರ ಕಂಡಿದ್ದಕ್ಕೆ ಅಷ್ಟು ಕಣ್ಣರಳಿಸಬೇಕಾ? ನಲವತ್ತಾರರಲ್ಲಿ ಕ್ಯಾನ್ವಾಸ್ ಎಲ್ಲಿತ್ತು ಹೇಳಿ? ತಿನ್ನೋಕೆ ಆಲೂಗಡ್ಡೆ ಇರಲಿಲ್ಲ! ಹಾಸಿಗೆ ಬಟ್ಟೆ ಮೇಲೇ ಬರೀತಿದ್ವಿ ಎಲ್ಲರೂ. ನಮ್ಮಮ್ಮ ಮದುವೆಲಿ ತಂದ ಹಾಸಿಗೆ ಬಟ್ಟೆ ಅದು. ಹೆಣ್ಣುಮಕ್ಕಳು ಮದುವೆಗೆ ಮುಂಚೆ ಕೂತು ತಮ್ಮ ಹೆಸರಿನ ಮೊದಲಕ್ಷರ ಹೊಲ್ಕೊತಿದ್ರಲ್ಲ... ನಿಮ್ಮಮ್ಮನೂ ಹೊಲ್ದಿರ್ತಾರೆ.

ಏನು, ನನ್ನ ಪರಿಚಯ ಬರೆದ ಆ ಕಾಗದ ತೋರಿಸ್ತೀರಿ? ಹೌದು, ನಮ್ಮಮ್ಮ ಹೆಡ್ವಿಗ್ ಡ್ರೆವೆಸ್. ನಾನೇ ಬರೆಸಿದ್ದು. ಆರ್ ಇಲ್ಲ, ಎಲ್ ಇಲ್ಲ, ಗೊತ್ತು ನನಗೆ! ಸರಿ... ಹರಾಜಲ್ಲಿ ತಗೊಂಡೆ. ಸಾಗಹಾಕಿದ ಯಹೂದಿಗಳ ಮನೆ ಸಾಮಾನು ಬಂದರಿನ ಹತ್ತಿರ ಹರಾಜು ಹಾಕ್ತಿದ್ರು. ನಾನೊಬ್ಬನೇನಾ? ಇಡೀ ಊರೇ ತಗೊಂಡಿದೆ. ಹೋಗಿ, ನಿಮ್ಮಮ್ಮನ ಬೀರು ತೆಗೆದು ನೋಡಿ!

ಯಾಕೆ ಪೆನ್ನು ಕೆಳಗಿಟ್ರಿ?

ಏನಾದ್ರೂ ಕೇಳಿ! ಬೈಯ್ರಿ!

...ಹರಾಜಲ್ಲ.

ಮೇಲಿನ ಮನೆಯ ರೆಗೀನಾ ಲೆವಿಸೋನ್. ವಯಸ್ಸಾದೋಳು. ಅವಳನ್ನ ಕ್ಯಾಂಪಿನ ರೈಲಿಗೆ ತುಂಬೋ ಹಿಂದಿನ ದಿನ ಹಾಸಿಗೆ ಬಟ್ಟೆಗಳನ್ನೆಲ್ಲ ಚೆನ್ನಾಗಿ ಮಡಚಿ ತಂದುಕೊಟ್ಲು. "ಬಂದು ತಗೋತೀನಿ, ಅಲ್ಲೀತನಕ ನಿನ್ನ ಹತ್ರ ಇರಲಪ್ಪ" ಅಂದ್ಲು. ಯಾರು ವಾಪಸ್ ಬಂದ್ರು? ಹೇಳಿ ನೀವೇ! ಯಾರೂ ಬರಲಿಲ್ಲವಲ್ಲ... ಸತ್ತೋರ ಬಟ್ಟೆ ಅಂತಲೇ ನಾನು...

ಹಾಗೆ ನೋಡಬೇಡಿ.

ಬಂದ್ಲು. ಹೌದು, ಬಂದ್ಲು! ನಲವತ್ತಾರರ ಅದೇ ಚಳಿಗಾಲ. ಬಾಗಿಲು ತಟ್ಟಿದ್ಲು. ಮೈಮೇಲೊಂದು ಸಿಪಾಯಿ ಕೋಟು. "ಒಂದಾದ್ರೂ ಕೊಡಪ್ಪ, ಹಾಸ್ಕೊಳ್ಳೋಕೇನೂ ಇಲ್ಲ" ಅಂದ್ಲು. ಒಳಗೆ ಇದೇ ಚಿತ್ರ, ಬಣ್ಣ ಇನ್ನೂ ಹಸಿ. ಒಂದು ಮಾತು ಹೇಳಿಬಿಡಬಹುದಿತ್ತು... ಹೇಳಲಿಲ್ಲ. "ಎಲ್ಲಾ ಹ್ಯಾಮರ್‌ಬ್ರೂಕ್ ಬಡಾವಣೆಯ ಅಕ್ಕನ ಮನೇಲಿಟ್ಟಿದ್ದೆ, ಬಾಂಬಿಗೆ ಸುಟ್ಟುಹೋಯ್ತು" ಅಂದೆ.

ಅವಳು ನನ್ನ ಕೈ ಹಿಡ್ಕೊಂಡ್ಲು. ಈ ಕೈನ. "ಅಯ್ಯೋ, ಬಟ್ಟೆ ಹೋದ್ರೆ ಹೋಗ್ಲಿ... ನಿಮ್ಮಕ್ಕ ಉಳಿದ್ಲೇನಪ್ಪ?" ಅಂತ ಕೇಳಿದ್ಲು. ಕೇಳಿ, ಅತ್ತಳು.

ನನಗೆ ಅಕ್ಕನೇ ಇಲ್ಲ, ಫ್ರಾಯ್ಲೈನ್.