ಬುಲ್ಡೋಜರ್ ಮುಂದಿನ ಕಾಡುಹೂವು

ಹಲೋ... ಹಾಂ, ಸಸ್ಯ ಸಂಗ್ರಹಾಲಯ. ಯಾರು ಮಾತಾಡ್ತಿರೋದು?... ಭಾವ, ನೀವಾ? ಏನದು ಹಿಂದೆ ಗುಡುಗುಡು ಸದ್ದು?

...

ಬುಲ್ಡೋಜರ್ ಮೇಲೇ ಕೂತಿದೀರಾ? ಗುಡ್ಡದ ಬುಡದ ರಸ್ತೆ ಕೆಲಸ ಅಲ್ವಾ? ನಡೆಸಿ ಮತ್ತೆ, ನಂಗ್ಯಾಕೆ ಫೋನು?

...

ಅಕ್ಕ ಅದರ ಮುಂದೆ ಕೂತಿದಾಳಾ? ಊಟದ ಡಬ್ಬಿ ತಂದವಳು? ಯಾವುದೋ ಹೂವು ಉಳಿಸೋಕೆ?

...

ಅಂದ್ರೆ, ಇದೇ ನೆಲದ ಕಾಡುಹೂವು ಅಂತ ನಾನು ಹೇಳಿದ್ರೆ ಇಂಜಿನಿಯರ್ ರಸ್ತೆ ಪಕ್ಕಕ್ಕೆ ತಿರುಗಿಸ್ತಾರೆ. ಎಲ್ಲಿಂದಲೋ ಬಂದ ಕಳೆ ಅಂದ್ರೆ ಅಕ್ಕ ಏಳ್ಬೇಕು. ಸರಿ, ಕೆಳಗಿಳೀರಿ. ಬಣ್ಣ ಯಾವುದು?

...

ನೀವು ನೇರಳೆ, ಅಕ್ಕ ನೀಲಿ... ಕೂಲಿಯವರಿಂದ ಕೈ ಎತ್ತಿಸ್ತಿದೀರಾ? ಹೂವಿನ ಬಣ್ಣಕ್ಕೆ ವೋಟಾ?... ಕೆಂಪು ಗೆಲ್ತಾ! ಬಣ್ಣ ಬಿಡಿ ಭಾವ.

...

ಮೇಲೆ ಬಾವುಟದ ಥರ ಒಂದು ದಳ? ಪಕ್ಕಕ್ಕೆ ಎರಡು ರೆಕ್ಕೆ? ಕೆಳಗೆ ದೋಣಿ?... ನಿಜವಾದ ದೋಣಿ ಅಲ್ಲ, ಆ ಒಣ ಗುಡ್ಡದಲ್ಲಿ ಎಲ್ಲಿಂದ ಬರತ್ತೆ! ಎರಡು ದಳ ಅಂಟ್ಕೊಂಡಿರತ್ತೆ... ಹಾಂ! ಬಟಾಣಿ ಕುಟುಂಬ.

...

ಗಿಡದ ಕುಟುಂಬ, ಭಾವ. ಯಾರಿಗೂ ನೋಟಿಸ್ ಕೊಡ್ಬೇಕಿಲ್ಲ ಅಂತ ಇಂಜಿನಿಯರಿಗೆ ಹೇಳಿ.

...

ಒಂದು ತೊಟ್ಟಿಗೆ ಮೂರು ಎಲೆ, ಸರಿ. ಅಡಿಯಲ್ಲಿ ನವಿರು ರೋಮ ಇದೆಯಾ, ಕೆನ್ನೆಗೆ ಸವರಿ ನೋಡಿ... ನಿಮ್ಮ ಕೆನ್ನೆಗೆ! ಇಂಜಿನಿಯರ್ ಕೆನ್ನೆಗ್ಯಾಕೆ ಸವರಿದ್ರಿ?... ಇನ್ನೊಂದ್ಸಲ ಸವರಿ ಅಂದ್ರಾ?

...

ಕಾಯಿ ಸುರುಳಿ ಸುತ್ತಿದೆಯಾ?... ಎರಡು ಸುತ್ತಾ? ಸರಿಯಾಗಿ ನೋಡಿದ್ರಾ?... ಭಾವ, ಗಾಡಿ ಆಫ್ ಮಾಡಿ. ಮೊದಲು ಆಫ್ ಮಾಡಿ!

...

ಇದೇ ನೆಲದ್ದು. ನಲವತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ನಮ್ಮ ಹತ್ರ ಇರೋದು ಒಂದೇ ಒಣ ರೆಂಬೆ, ಅದರಲ್ಲೂ ಅರ್ಧ ಹುಳದ ಪಾಲು... ಇಲ್ಲಪ್ಪ, ಅಳ್ತಿಲ್ಲ, ನೆಗಡಿ.

...

ರಸ್ತೆಗೆ ಹಾಕಿದ್ದ ಸುಣ್ಣದ ಗೆರೆ ಇಂಜಿನಿಯರೇ ಅಳಿಸ್ತಿದಾರಾ? ಬೂಟಲ್ಲಿ ಉಜ್ಜಿ? ಪುಣ್ಯಾತ್ಮ! ಅಕ್ಕನಿಗೆ ಫೋನ್ ಕೊಡಿ.

...

ಅಕ್ಕಾ, ಇಪ್ಪತ್ತು ವರ್ಷ ನಾನು ಗುಡ್ಡ ಗುಡ್ಡ ಅಲೆದೆ ಕಣೇ, ಸಿಗಲಿಲ್ಲ. ನಿನಗೆ ಹೇಗೆ ಗುರುತು ಸಿಕ್ತು?

...

ಗೊತ್ತೇ ಇರಲಿಲ್ವಾ?... ಜಾರಿ ಬಿದ್ದದ್ದಾ? ಅಷ್ಟು ಜನ ನೋಡಿಬಿಟ್ರು ಅಂತ ನಾಚಿಕೆಯಾಗಿ, ಕೈಗೆ ಸಿಕ್ಕ ಹೂವು ತೋರಿಸಿ, ಇದನ್ನ ಉಳಿಸೋಕೆ ಕೂತೆ ಅಂದಿದ್ದಾ?

...

ಅಯ್ಯೋ, ಮೆತ್ತಗೆ ಹೇಳೇ! ಅವರಿಗೆ ಕೇಳಿಸೀತು... ಏನು ನಗು ಅದು? ಅಕ್ಕಾ, ಸ್ಪೀಕರ್ ಹಾಕಿದೀಯಾ?... ಹಲೋ? ಇಂಜಿನಿಯರ್ ಸಾರ್, ಗೆರೆ ಅಳಿಸೋದು ನಿಲ್ಲಿಸ್ಬೇಡಿ, ಹೂವಂತೂ ನಿಜ... ಹಲೋ? ಹಲೋ—